ಮುಯ್ಯಿಗೆ ಹೋಗಿ ಬಾ

ಪುಟ್ಟೀ,

ಮೊನ್ನೆ ಭಾನುವಾರ ನೀನು ಫೋನ್ ಮಾಡಿದಾಗ ಒಲೆಯ ಮೇಲೆ ಕುಕ್ಕರ್ ಇತ್ತು. "ದೊಡ್ಡಮ್ಮ, ಕಾಲೇಜಿನ ನಾಲ್ಕು ಜನ ಸೇರಿ ಬೆಂಗಳೂರಿನ ಓಪನ್ ಸೋರ್ಸ್ ಹ್ಯಾಕಥಾನ್‌ಗೆ ಹೆಸರು ಕೊಡೋಣ ಅಂತಿದ್ದೀವಿ. ಹೋದರೆ ಏನು ಉಪಯೋಗ? ಪ್ಲೇಸ್‌ಮೆಂಟ್‌ಗೆ ಆಗತ್ತಾ? ಅದರ ಮಾರನೇ ವಾರವೇ ಇಂಟರ್ನಲ್ಸ್ ಬೇರೆ" ಅಂದೆ. ನಾನು "ಹೋಗು, ಹೋಗು" ಅಂತ ಅರ್ಧ ಮಾತಿನಲ್ಲಿ ಮುಗಿಸಿಬಿಟ್ಟೆ. ಆಮೇಲೆ ಕಸಿವಿಸಿಯಾಯಿತು. 31 ವರ್ಷ ಕೀಬೋರ್ಡ್ ಕುಟ್ಟಿ ನಿವೃತ್ತಳಾದವಳು, ಮನೆಯ ಹುಡುಗಿ ಕೇಳಿದ ಪ್ರಶ್ನೆಗೆ ಕುಕ್ಕರ್ ಸೀಟಿಗಳ ನಡುವೆ ಉತ್ತರ ಕೊಡುವುದೇ? ಅದಕ್ಕೇ ಬರೆಯಲು ಕೂತಿದ್ದೇನೆ. ಉದ್ದವಾಗುತ್ತದೆ. ಓದಿ ಆದ ಮೇಲೆ ಉಳಿದ ಮೂವರಿಗೂ ಕೊಡು.

ಪ್ಲೇಸ್‌ಮೆಂಟ್ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿನ್ನ ಮನಸ್ಸು ಅಲ್ಲೇ ಸುತ್ತುತ್ತಿರುತ್ತದೆ. ಸರ್ಟಿಫಿಕೇಟ್ ಕೊಡುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಕೆಲಸದಲ್ಲಿದ್ದಾಗ ನಾನು ಎಷ್ಟೋ ಇಂಟರ್‌ವ್ಯೂಗಳಲ್ಲಿ ಮೇಜಿನ ಈಚೆ ಬದಿ ಕೂತಿದ್ದೇನೆ. ಆ ಸರ್ಟಿಫಿಕೇಟುಗಳ ಕಟ್ಟನ್ನು ಬಿಚ್ಚಿಯೂ ನೋಡಿದವಳಲ್ಲ. ಒಮ್ಮೆ ಮಾತ್ರ ಒಬ್ಬಳು ಹುಡುಗಿ, ಯಾವುದೋ ಓಪನ್ ಸೋರ್ಸ್ ಯೋಜನೆಗೆ ತಾನು ಕಳಿಸಿದ್ದ ತಿದ್ದುಪಡಿಯ ಲಿಂಕ್ ಬರೆದುಕೊಂಡು ಬಂದಿದ್ದಳು. ತೆರೆದು ನೋಡಿದೆ. ಅವಳ ಮೊದಲ ಪ್ರಯತ್ನವನ್ನು ಅಲ್ಲಿಯವರು ಒಪ್ಪಿರಲಿಲ್ಲ. ಎರಡನೆಯದಕ್ಕೂ ಏನೋ ಕೊರತೆ ಹೇಳಿದ್ದರು. ಮೂರನೆಯದನ್ನು ಸೇರಿಸಿಕೊಂಡಿದ್ದರು. ಮೂರು ವಾರ ನಡೆದ ಆ ಮಾತುಕತೆಯಲ್ಲಿ ಅವಳು ಎಲ್ಲಿ ಪಟ್ಟು ಹಿಡಿದಳು, ಎಲ್ಲಿ "ಹೌದು, ನನ್ನದೇ ತಪ್ಪು" ಎಂದು ಒಪ್ಪಿಕೊಂಡಳು, ಎಲ್ಲ ಬಿಚ್ಚಿಟ್ಟಂತೆ ಇತ್ತು. ನಲವತ್ತು ನಿಮಿಷದ ಇಂಟರ್‌ವ್ಯೂನಲ್ಲಿ ನಾವು ಹುಡುಕಿ ಹುಡುಕಿ ಸೋಲುವುದು ಅದಕ್ಕೇ. ಅವಳಿಗೆ ಕೆಲಸ ಕೊಟ್ಟೆವು. ನಿನಗೂ ಹಾಗೇ ಆಗುತ್ತದೆ ಎಂದು ನಾನು ಬರೆದುಕೊಡಲಾರೆ. ಮಾಡಿದ ಕೆಲಸ ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಇದ್ದರೆ ಯಾವತ್ತೋ ಒಂದು ದಿನ ಯಾರೋ ನೋಡುತ್ತಾರೆ, ಅಷ್ಟು ಹೇಳಬಲ್ಲೆ.

ಹ್ಯಾಕಥಾನ್ ಅಂದರೆ ನಿಮ್ಮ ತಲೆಯಲ್ಲಿ ವೇದಿಕೆ, ಲೈಟು, ರಟ್ಟಿನ ದೊಡ್ಡ ಚೆಕ್ಕು. ಆ ಹೆಸರು ಬಳಕೆಗೆ ಬಂದಾಗ ಇವು ಯಾವುವೂ ಇರಲಿಲ್ಲ. 1999ರ ಜೂನ್‌ನಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ, ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿದ್ದ ಹತ್ತು ಜನ ಒಂದೆಡೆ ಕೂತು ಕೆಲಸ ಮಾಡಿದರು. ಯೋಜನೆಯ ಮುಖ್ಯಸ್ಥ ಥಿಯೋ ಡಿ ರಾಟ್ ಇದ್ದದ್ದು ಆ ಊರಿನಲ್ಲಿ. ಗೂಢಲಿಪಿಯ ಸಾಫ್ಟ್‌ವೇರನ್ನು ಅಮೆರಿಕದಿಂದ ಹೊರಗೆ ಕಳಿಸಲು ಆಗ ಕಾನೂನಿನ ತೊಡಕಿತ್ತು. ಗಡಿ ದಾಟಿ ಕೆನಡಾದಲ್ಲಿ ಕೂತು ಬರೆದರೆ ಆ ತೊಡಕಿಲ್ಲ. ಹಾಗಾಗಿ ಅಲ್ಲಿ ಕೂಡಿದರು, ಬರೆದರು, ತಂತಮ್ಮ ಊರಿಗೆ ಹೋದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದೇ ಬಳಗದಿಂದ ಓಪನ್‌ಎಸ್‌ಎಸ್‌ಎಚ್ ಹೊರಬಂತು. ನಿಮ್ಮ ಲ್ಯಾಬಿನಲ್ಲಿ ದೂರದ ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗುತ್ತೀರಲ್ಲ, ಬಹುಪಾಲು ಅದರ ಮೂಲಕವೇ. ಈ ಹೆಸರನ್ನು ನೆನಪಿಟ್ಟುಕೋ, ಮುಂದೆ ಮತ್ತೆ ಬರುತ್ತದೆ.

ನಮ್ಮ ಸಾಗರದ ಕಡೆ ನಾಟಿ ಕಾಲದಲ್ಲಿ ಮುಯ್ಯಾಳು ಅಂತ ಇತ್ತು, ನಿನ್ನ ಅಜ್ಜಿ ಹೇಳಿರಬೇಕು. ಇವತ್ತು ಅವರು ನಮ್ಮ ಗದ್ದೆಗೆ ಬಂದರೆ ನಾಡಿದ್ದು ನಾವು ಅವರ ಗದ್ದೆಗೆ. ದುಡ್ಡಿನ ಲೆಕ್ಕವಿಲ್ಲ, ಆದರೆ ದಿನದ ಲೆಕ್ಕ ಬಲು ಕಟ್ಟುನಿಟ್ಟು. ಹೊಸದಾಗಿ ಮದುವೆಯಾಗಿ ಬಂದವಳು ಸಸಿ ನೆಡಲು ಕಲಿಯುತ್ತಿದ್ದುದು ಇಂಥ ಕಡೆಯೇ, ಪಕ್ಕದವಳ ಬೆರಳು ನೋಡಿಕೊಂಡು. ಅವಳ ಸಾಲು ಸೊಟ್ಟಗಾದರೆ ಹಿಂದಿನವಳು ಬೈದುಕೊಂಡೇ ಸರಿಮಾಡುತ್ತಿದ್ದಳು. ಕ್ಯಾಲ್ಗರಿಯ ಹತ್ತು ಜನರ ಕಥೆ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಆ ಕೆಸರು ಗದ್ದೆ.

ನಾನು ಮೊದಲು ಹೋದ ಹ್ಯಾಕಥಾನ್ ಈ ಜಾತಿಯದಾಗಿರಲಿಲ್ಲ. ನಾನಿದ್ದ ಒಂದು ಕಂಪನಿ ತನ್ನವರಿಗೇ ಏರ್ಪಡಿಸಿದ್ದ ಸ್ಪರ್ಧೆ. ನಾವು ಮೂವರು ರಾತ್ರಿಯಿಡೀ ಎದ್ದಿದ್ದು, ಸ್ಕ್ಯಾನ್ ಮಾಡಿದ ಕನ್ನಡ ಪುಟದಿಂದ ಸಾಲು ಸಾಲನ್ನು ಬೇರ್ಪಡಿಸುವ ಪ್ರೋಗ್ರಾಂ ಒಂದನ್ನು ಬರೆದೆವು. ಒತ್ತಕ್ಷರ ಮೇಲಿನ ಸಾಲಿಗೆ ಸೇರಿದ್ದೋ ಕೆಳಗಿನದಕ್ಕೋ ಎಂದು ಕಂಪ್ಯೂಟರ್ ಗೊಂದಲಕ್ಕೆ ಬೀಳುತ್ತಿತ್ತು. ಅದಕ್ಕೆ ನಾವೊಂದು ಉಪಾಯ ಹುಡುಕಿದ್ದೆವು. ಎರಡನೇ ಬಹುಮಾನ ಬಂತು. ನಮ್ಮ ಹಾಲಿನಲ್ಲಿ ಐದು ನಿಮಿಷ ಹಿಂದೆ ನಡೆಯುವ ಗಡಿಯಾರ ಇದೆಯಲ್ಲ, ಅದೇ. ಪ್ರೋಗ್ರಾಂ? ಸ್ಪರ್ಧೆಯ ನಿಯಮದ ಸಣ್ಣ ಅಕ್ಷರಗಳಲ್ಲಿ, ಬರೆದದ್ದೆಲ್ಲ ಕಂಪನಿಯ ಸ್ವತ್ತು ಎಂದಿತ್ತು. ಆ ವಿಭಾಗ ಮುಚ್ಚಿದಾಗ ಸರ್ವರ್ ಜೊತೆಗೆ ಅದೂ ಹೋಯಿತು. ಆರೇಳು ವರ್ಷದ ನಂತರ ಪರಿಚಯದ ಗ್ರಂಥಪಾಲಕರೊಬ್ಬರು ಅಂಥದ್ದೇ ಒಂದು ಬೇಕು ಎಂದು ಕೇಳಿದಾಗ ತೋರಿಸಲು ನನ್ನ ಬಳಿ ಒಂದು ಸಾಲೂ ಉಳಿದಿರಲಿಲ್ಲ.

ಇದರ ಪಕ್ಕದಲ್ಲಿ ಟೆಸರಾಕ್ಟ್‌ನ ಕಥೆ ಇಟ್ಟು ನೋಡು. ಮುದ್ರಿತ ಅಕ್ಷರ ಗುರುತಿಸುವ ಈ ಸಾಫ್ಟ್‌ವೇರನ್ನು ಎಚ್‌ಪಿ ಕಂಪನಿ 1985ರಿಂದ 1994ರವರೆಗೆ ಬೆಳೆಸಿತ್ತು. ಆಮೇಲೆ ಸುಮಾರು ಹತ್ತು ವರ್ಷ ಅದು ಮೂಲೆ ಹಿಡಿದಿತ್ತು. 2005ರಲ್ಲಿ ಓಪನ್ ಸೋರ್ಸ್ ಮಾಡಿ ಹೊರಗೆ ಬಿಟ್ಟರು, ಮರುವರ್ಷದಿಂದ ಗೂಗಲ್ ನೆರವಿಗೆ ನಿಂತಿತು, ಒಂದೊಂದೇ ಭಾಷೆ ಸೇರುತ್ತಾ ಬಂತು. ಇವತ್ತು ಅದು ಕನ್ನಡವನ್ನೂ ಓದುತ್ತದೆ. ನಮ್ಮ ಒತ್ತಕ್ಷರದ ಉಪಾಯ ಅದಕ್ಕಿಂತ ಚೆನ್ನಾಗಿತ್ತು ಎಂದು ನನ್ನ ಜಂಬ. ಚೆನ್ನಾಗಿದ್ದು ಏನು ಬಂತು!

ಆದ್ದರಿಂದ ಹೆಸರು ಕೊಡುವ ಮೊದಲು ನಿಯಮಾವಳಿ ಓದು. ಬರೆದ ಕೋಡ್ ಯಾರದ್ದಾಗುತ್ತದೆ ಎಂಬ ಒಂದೇ ವಾಕ್ಯ ಹುಡುಕು. "ಓಪನ್" ಎಂಬ ಪದವನ್ನು ಪೋಸ್ಟರಿನಲ್ಲಿ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಫಾಸ್ ಯುನೈಟೆಡ್ ನಡೆಸುವ ಫಾಸ್ ಹ್ಯಾಕ್‌ನಂಥ ಕೂಟಗಳಲ್ಲಿ, ಮಾಡಿದ ಕೆಲಸ ಮುಕ್ತ ಲೈಸೆನ್ಸ್‌ನಲ್ಲೇ ಇರಬೇಕು ಎಂಬುದು ಷರತ್ತು. ಇನ್ನೊಂದು ಮಾತು, ಇದನ್ನು ಎಂಜಿನಿಯರಿಂಗ್ ಹುಡುಗರು ಯಾವಾಗಲೂ ಮರೆಯುತ್ತಾರೆ: ಕೋಡನ್ನು ಗಿಟ್‌ಹಬ್‌ಗೆ ಹಾಕಿದ ಮಾತ್ರಕ್ಕೆ ಅದು ಓಪನ್ ಸೋರ್ಸ್ ಆಗುವುದಿಲ್ಲ. ಲೈಸೆನ್ಸ್ ಫೈಲ್ ಇಲ್ಲದಿದ್ದರೆ ಕಾನೂನಿನ ಪ್ರಕಾರ ಎಲ್ಲ ಹಕ್ಕೂ ಬರೆದವರ ಬಳಿಯೇ ಉಳಿಯುತ್ತದೆ. ನೋಡಿದವರು ಮುಟ್ಟುವ ಹಾಗಿಲ್ಲ. ಎಂಐಟಿ ಲೈಸೆನ್ಸ್ ಹಾಕಿದರೆ ನಿಮ್ಮ ಹೆಸರು ಉಳಿಸಿಕೊಂಡು ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದು. ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ತಂದ ಜಿಪಿಎಲ್ ಹಾಕಿದರೆ, ನಿಮ್ಮ ಕೋಡ್ ಬಳಸಿ ಬೆಳೆಸಿ ಹಂಚುವವರು ತಾವು ಬೆಳೆಸಿದ್ದನ್ನೂ ಹಾಗೇ ತೆರೆದಿಡಬೇಕು. ಮುಯ್ಯಿಯ ಲೆಕ್ಕಕ್ಕೆ ಹತ್ತಿರದ್ದು ಇದು ಎಂದು ನನಗೆ ಅನ್ನಿಸುತ್ತದೆ. ನಿಮಗೆ ಬೇರೆ ಅನ್ನಿಸಬಹುದು. ನಾಲ್ವರೂ ಮೊದಲೇ ಮಾತಾಡಿಕೊಳ್ಳಿ, ಭಾನುವಾರ ಸಂಜೆ ಜಗಳವಾಗುವುದು ಬೇಡ.

ಇನ್ನು ಅಸಲಿ ಲಾಭಕ್ಕೆ ಬರುತ್ತೇನೆ. ಕಾಲೇಜಿನಲ್ಲಿ ನಿಮಗೆ ಕೋಡ್ ಬರೆಯಲು ಕಲಿಸುತ್ತಾರೆ. ಓದಲು ಕಲಿಸುವುದಿಲ್ಲ. ಲ್ಯಾಬ್ ರೆಕಾರ್ಡಿನ ಪ್ರೋಗ್ರಾಂ ಐವತ್ತು ಸಾಲು ಇರುತ್ತದೆ, ಅದನ್ನು ಸೀನಿಯರ್ ಬರೆದದ್ದನ್ನು ನೋಡಿ ನೀನು ಬರೆದಿರುತ್ತೀಯ. ಕೆಲಸಕ್ಕೆ ಸೇರಿದ ಮೊದಲ ದಿನ ಎದುರಿಗೆ ಬಂದು ಬೀಳುವುದು ಬೇರೆ ಯಾರೋ ಹತ್ತು ವರ್ಷ ಬರೆದ ಎರಡು ಲಕ್ಷ ಸಾಲು. ನಾನು ಆ ದಿನ ಬಾತ್‌ರೂಮಿಗೆ ಹೋಗಿ ಅತ್ತಿದ್ದೆ, ನಿಮ್ಮಮ್ಮನಿಗೂ ಹೇಳಿಲ್ಲ. ಒಂದು ದೊಡ್ಡ ಓಪನ್ ಸೋರ್ಸ್ ಯೋಜನೆಯನ್ನು ನಿನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಅದು ಓಡುವಂತೆ ಮಾಡಿ, ಎಲ್ಲಿ ಕೈ ಹಾಕಬೇಕೆಂದು ಹುಡುಕುವುದರಲ್ಲೇ ಮೊದಲ ದಿನ ಕಳೆದುಹೋಗಬಹುದು. ಕಳೆದರೆ ಕಳೆಯಲಿ. ಪಕ್ಕದಲ್ಲೇ ಅದನ್ನು ಬಲ್ಲವರು ಕೂತಿರುತ್ತಾರೆ ಎನ್ನುವುದೇ ಹ್ಯಾಕಥಾನ್‌ನ ಅನುಕೂಲ. ಮನೆಯಲ್ಲಿ ಒಬ್ಬಳೇ ಕೂತು ಮೂರು ದಿನ ತಿಣುಕುವುದನ್ನು ಅಲ್ಲಿ ಒಬ್ಬರು ಬಂದು, ಪರದೆ ನೋಡಿ, "ಇದರ ಹಳೆಯ ವರ್ಷನ್ ಹಾಕಿದೀಯ ಕಣಮ್ಮ" ಅಂದು ಮುಂದೆ ಹೋಗುತ್ತಾರೆ.

ಮೂರು ವರ್ಷದ ಹಿಂದೆ ಇಂಥ ಒಂದು ಕೂಟಕ್ಕೆ ನನ್ನನ್ನು ಮೆಂಟರ್ ಎಂದು ಕರೆದಿದ್ದರು. ಡಿಪ್ಲೊಮಾ ಓದುವ ನಾಲ್ವರು ಹಳೆಯ ಕನ್ನಡ ಲೇಖನಗಳಲ್ಲಿ ಪದ ಹುಡುಕುವ ಸಣ್ಣ ಸಾಧನ ಮಾಡುತ್ತಿದ್ದರು. "ಸೂರ್ಯ" ಎಂದು ಹುಡುಕಿದರೆ ಎಲ್ಲ ಸಿಗುತ್ತಿತ್ತು. "ರ‍್ಯಾಂಕ್" ಎಂದು ಹುಡುಕಿದರೆ ಅರ್ಧಕ್ಕರ್ಧ ನಾಪತ್ತೆ. ಕಣ್ಣೆದುರಿಗೆ ಪದ ಕಾಣುತ್ತಿದೆ, ಯಂತ್ರ ಇಲ್ಲ ಅನ್ನುತ್ತಿದೆ. ಶನಿವಾರ ಮಧ್ಯಾಹ್ನದಿಂದ ರಾತ್ರಿ ಹನ್ನೊಂದರವರೆಗೆ ನಾಲ್ವರೂ ತಲೆ ಕೆರೆದುಕೊಂಡರು. ನನಗೆ ಉತ್ತರ ಗೊತ್ತಿತ್ತು, ಹೇಳಲಿಲ್ಲ. ಕೆಟ್ಟ ಮುದುಕಿ ಅಂದುಕೊಂಡಿರಬೇಕು.

ಏನಾಗಿತ್ತು ಗೊತ್ತೇ? ಸೂರ್ಯದಲ್ಲಿ ಬರುವ ಅರ್ಕಾವತ್ತನ್ನು ನಾವು ಮೊದಲು ಉಚ್ಚರಿಸುತ್ತೇವೆ, ಆದರೆ ಬರೆಯುವಾಗ ಯಕಾರ ಆದ ಮೇಲೆ ಹಾಕುತ್ತೇವೆ. ಕಂಪ್ಯೂಟರ್ ಅದನ್ನು ಉಚ್ಚಾರದ ಕ್ರಮದಲ್ಲೇ ಇಟ್ಟುಕೊಳ್ಳುತ್ತದೆ: ರಕಾರ, ಹಲಂತ, ಯಕಾರ. ಪರದೆಯ ಮೇಲೆ ಅದನ್ನು ಹಿಂದುಮುಂದು ಮಾಡಿ ನಮಗೆ ಬೇಕಾದಂತೆ ಜೋಡಿಸುವ ಸಾಫ್ಟ್‌ವೇರ್ ಬೇರೆಯೇ ಇದೆ. ಹಾರ್ಫ್‌ಬಜ್ ಅಂತ ಒಂದು, ಓಪನ್ ಸೋರ್ಸೇ, ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲದರ ಹೊಟ್ಟೆಯಲ್ಲೂ ಅದಿದೆ. ಈಗ "ರ‍್ಯಾಂಕ್" ನೋಡು. ಇಲ್ಲಿ ರಕಾರ ಪೂರ್ತಿಯಾಗಿ ನಿಂತು ಯಕಾರ ಒತ್ತಾಗಬೇಕು. ಅಕ್ಷರಗಳು ಅವೇ ಮೂರು, ಕ್ರಮವೂ ಅದೇ. ಎರಡಕ್ಕೂ ವ್ಯತ್ಯಾಸ ತಿಳಿಯಲೆಂದು ಯುನಿಕೋಡ್‌ನಲ್ಲಿ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಕೊಂಡಿ ಹಾಕುತ್ತಾರೆ. ಅದರ ಸಂಖ್ಯೆ 200ಡಿ. ಕೆಲವರು ಅದನ್ನು ಹಾಕಿ ಟೈಪ್ ಮಾಡುತ್ತಾರೆ, ಕೆಲವರು ಹಾಕದೆ "ರ್ಯಾಂಕ್" ಎಂದು ಬಿಡುತ್ತಾರೆ. ಓದುವ ನಮಗೆ ಒಂದೇ ಪದ, ಯಂತ್ರಕ್ಕೆ ಎರಡು.

ಹನ್ನೊಂದು ಗಂಟೆಗೆ ತಂಡದ ಹುಡುಗಿಯೊಬ್ಬಳಿಗೆ ಪ್ರತಿ ಅಕ್ಷರದ ಸಂಖ್ಯೆಯನ್ನೂ ಅಚ್ಚು ಹಾಕಿಸಿ ನೋಡುವ ಬುದ್ಧಿ ಬಂತು. ನಡುವೆ ಕೂತಿದ್ದ ಆ 200ಡಿ ಕಂಡದ್ದೇ ಅವಳು ಕಿರುಚಿದ ಕಿರುಚಿಗೆ ವಾಲಂಟಿಯರ್ ಒಬ್ಬ ಏನೋ ಶಾಕ್ ಹೊಡೆಯಿತು ಅಂತ ಓಡಿ ಬಂದ. ಹೋಲಿಸುವ ಮೊದಲು ಆ ಕೊಂಡಿಯನ್ನು ಕಿತ್ತುಹಾಕಿದರಾಯಿತು. ಪರಿಹಾರ ಎರಡೇ ಸಾಲು. ತಮ್ಮ ಸಾಧನಕ್ಕೆ ತೇಪೆ ಹಾಕಿಕೊಂಡು ಮಲಗಬಹುದಿತ್ತು. ಹಾಗೆ ಮಾಡದೆ, ತಾವು ಬಳಸುತ್ತಿದ್ದ ಮೂಲ ಲೈಬ್ರರಿಗೇ ಹತ್ತು ಉದಾಹರಣೆಗಳ ಸಮೇತ ತಿದ್ದುಪಡಿ ಕಳಿಸಿದರು. ಅದನ್ನು ನೋಡಿಕೊಳ್ಳುವವರು ಬೆಳಗ್ಗೆ ಒಂದು ಪ್ರಶ್ನೆ ಕೇಳಿದ್ದರು: ಸರಿ, "ರಾಜ್‌ಕುಮಾರ್" ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯಲು ಇನ್ನೊಂದು ಕಾಣದ ಅಕ್ಷರ ಹಾಕುತ್ತಾರಲ್ಲ, ಅದನ್ನೂ ಕೀಳುತ್ತೀರೋ ಬಿಡುತ್ತೀರೋ? ಹುಡುಗರು ಮುಖ ಮುಖ ನೋಡಿಕೊಂಡರು. ಬಹುಮಾನ ಬೇರೆ ತಂಡಕ್ಕೆ ಹೋಯಿತು. ಇವರ ತಿದ್ದುಪಡಿ ಪೂರ್ತಿಯಾಗಿ ಸೇರಲು ಇನ್ನೂ ಮೂರು ವಾರ ಹಿಡಿಯಿತು. ಅವರಿಗೆ ಆ ಮೂರು ವಾರದಲ್ಲಿ ತಿಳಿದಷ್ಟು ಕನ್ನಡ ಲಿಪಿಯ ವಿಷಯ ನನಗೆ ಮೊದಲ ಹತ್ತು ವರ್ಷದ ನೌಕರಿಯಲ್ಲಿ ತಿಳಿದಿರಲಿಲ್ಲ.

ಹಾಗಾಗಿ ವಿಷಯ ಆರಿಸುವಾಗ ನಿನ್ನ ಕಾಲಿಗೆ ಚುಚ್ಚಿದ ಮುಳ್ಳನ್ನೇ ಆರಿಸಿಕೋ. ಜಗತ್ತಿನ ಟ್ರಾಫಿಕ್ ಸಮಸ್ಯೆ ಎರಡು ದಿನದಲ್ಲಿ ಬಗೆಹರಿಯುವುದಿಲ್ಲ. ನಿನ್ನ ಫೋನಿನ ಮೆನುವಿನಲ್ಲಿ ಬಲಗಡೆ ಎಂದಿರಬೇಕಾದಲ್ಲಿ "ಸರಿ" ಎಂದು ಅನುವಾದವಾಗಿ ಕೂತಿದ್ದರೆ ಅದು ಬಗೆಹರಿಯುತ್ತದೆ.

ತಪ್ಪು ತೋರಿಸಿಕೊಳ್ಳುವುದರ ಬಗ್ಗೆ ಎರಡು ಮಾತು. ನೀನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ, ಹೋಂವರ್ಕಿನಲ್ಲಿ ಕೆಂಪು ಗೆರೆ ಬಿದ್ದರೆ ಆ ಹಾಳೆಯನ್ನೇ ಹರಿದು ಹೊಸದಾಗಿ ಬರೆಯುತ್ತಿದ್ದೆ. ಇಲ್ಲಿ ಹಾಳೆ ಹರಿಯಲು ಬರುವುದಿಲ್ಲ. ಕಳಿಸಿದ ತಿದ್ದುಪಡಿಯ ಕೆಳಗೆ, ಎಲ್ಲರಿಗೂ ಕಾಣುವಂತೆ, ಗುರುತಿಲ್ಲದವರು "ಇದು ಸರಿಯಿಲ್ಲ" ಎಂದು ಬರೆಯುತ್ತಾರೆ. ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಮೊದಲೆರಡು ಸಲ ಅಷ್ಟೇ. ಅವರು ಬೈಯುತ್ತಿರುವುದು ಕೋಡನ್ನು, ನಿನ್ನನ್ನಲ್ಲ. ಬಿಡುವಿನ ಸಮಯದಲ್ಲಿ ಕೂತು ನಿನ್ನ ಹದಿನೈದು ಸಾಲನ್ನು ಅಷ್ಟು ಗಮನವಿಟ್ಟು ಓದಿದ್ದಾರಲ್ಲ, ನಿಮ್ಮ ಮೇಷ್ಟ್ರು ಓದಿದ್ದಾರೆಯೇ? ಯಾರಾದರೂ ನಿಜವಾಗಿ ಒರಟಾಗಿ, ಅಸಹ್ಯವಾಗಿ ಮಾತಾಡಿದರೆ ಆ ಮಾತು ಬೇರೆ. ಬಹುಪಾಲು ಯೋಜನೆಗಳಿಗೆ ನಡವಳಿಕೆಯ ನಿಯಮ ಇರುತ್ತದೆ, ದೂರು ಕೊಡು, ಅಥವಾ ಎದ್ದು ಬೇರೆ ಗದ್ದೆಗೆ ನಡೆ. ಸಹಿಸಿಕೊಂಡು ಕೂರುವುದು ಗುಣವಲ್ಲ.

ಇಂಗ್ಲಿಷಿನ ಅಳುಕು ನಿಮ್ಮಲ್ಲಿ ಇಬ್ಬರಿಗಾದರೂ ಇರುತ್ತದೆ, ನನಗೆ ಗೊತ್ತು. ನಾನು ಹತ್ತನೆಯವರೆಗೆ ಕನ್ನಡ ಮೀಡಿಯಂ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಎಂದು ಮೂರು ಗಿಡ್ಡ ವಾಕ್ಯ ಬರೆದರೆ ಸಾಕು. ಜಪಾನಿನವರೂ ಬ್ರೆಜಿಲಿನವರೂ ಅಂಥದ್ದೇ ಮುರುಕು ಇಂಗ್ಲಿಷ್ ಬರೆಯುತ್ತಾರೆ, ಕೆಲಸ ನಡೆಯುತ್ತದೆ.

ಈಗ ಒಂದು ಕಹಿ ವಿಷಯ. ಡಿಜಿಟಲ್‌ಓಷನ್ ಎಂಬ ಕಂಪನಿ 2014ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ನಡೆಸುತ್ತಿದೆ. ಓಪನ್ ಸೋರ್ಸ್ ಯೋಜನೆಗಳಿಗೆ ಇಂತಿಷ್ಟು ತಿದ್ದುಪಡಿ ಕಳಿಸಿದರೆ ಆಗ ಒಂದು ಟೀ ಶರ್ಟು ಸಿಗುತ್ತಿತ್ತು. 2020ರ ಅಕ್ಟೋಬರ್ ಮೊದಲ ದಿನಗಳಲ್ಲೇ ಕಸದ ಪ್ರವಾಹ ಹರಿಯಿತು. ರೀಡ್‌ಮಿ ಫೈಲಿನಲ್ಲಿ "ಅದ್ಭುತ ಯೋಜನೆ" ಎಂದು ಎರಡು ಪದ ಸೇರಿಸಿ ಕಳಿಸಿದ್ದೇ ಕಳಿಸಿದ್ದು. ಯೋಜನೆ ನೋಡಿಕೊಳ್ಳುವವರು ದಿನಗಟ್ಟಲೆ ಅದನ್ನು ಗುಡಿಸುತ್ತಾ ಕೂತರು. ಹೀಗೆ ಮಾಡುವುದನ್ನು ತೋರಿಸಿದ ವಿಡಿಯೊ ಪಾಠವೊಂದು ನಮ್ಮ ದೇಶದ್ದು. ಸಂಘಟಕರು ಕೆಲವೇ ದಿನದಲ್ಲಿ ನಿಯಮ ಬದಲಿಸಿ, ಒಪ್ಪಿದ ಯೋಜನೆಗಳಿಗೆ ಮಾತ್ರ ಕಳಿಸಬಹುದು ಎಂದು ಮಾಡಬೇಕಾಯಿತು. 2023ರಲ್ಲಿ ಟೀ ಶರ್ಟನ್ನೇ ಕೈಬಿಟ್ಟರು. ಬುದ್ಧಿ ಬಂತೇ? 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಜಾವಾಸ್ಕ್ರಿಪ್ಟ್ ಯೋಜನೆಗೆ, ರೀಡ್‌ಮಿಯಲ್ಲಿ ತಂತಮ್ಮ ಹೆಸರು ಸೇರಿಸಿದ ತಿದ್ದುಪಡಿಗಳು ರಾಶಿ ಬಿದ್ದವು. ಅದೂ ಒಂದು ವಿಡಿಯೊ ಪಾಠದ ಫಲ. ಮುಯ್ಯಿಗೆ ಬಂದು ಸಸಿ ತುಳಿದು ಊಟ ಮಾಡಿಕೊಂಡು ಹೋಗುವವರು ಇವರು. ನಮ್ಮ ಮಕ್ಕಳ ಹೆಸರು ಕಂಡರೆ ಹೊರಗಿನವರು ಹುಬ್ಬು ಗಂಟಿಕ್ಕುವ ಹಾಗೆ ಆದದ್ದು ಹೀಗೆ, ಮತ್ತು ಅದನ್ನು ಅಳಿಸುವ ಕೆಲಸ ಏನೂ ತಪ್ಪು ಮಾಡದ ನಿಮ್ಮ ತಲೆಮಾರಿನ ಮೇಲೆ ಬಿದ್ದಿದೆ.

ಎಐ ಬಂದ ಮೇಲೆ ಈ ಕಸ ನೋಡಲು ಚೆಂದವಾಗಿದೆ, ಅಷ್ಟೇ. ಕರ್ಲ್ ಯೋಜನೆಯ ಡೇನಿಯಲ್ ಸ್ಟೆನ್‌ಬರ್ಗ್, ಎಐ ಹೆಣೆದ ಸುಳ್ಳು ಭದ್ರತಾ ದೂರುಗಳನ್ನು ಓದಿ ಓದಿ ಸಮಯ ಹಾಳಾಗುತ್ತಿದೆ ಎಂದು 2024ರ ಜನವರಿಯಲ್ಲೇ ಬಹಿರಂಗವಾಗಿ ಬರೆದರು. ನೀನು ಎಐ ಬಳಸಬೇಡ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಕೇಳುವವಳೂ ಅಲ್ಲ. ಕಳಿಸುವ ಪ್ರತಿ ಸಾಲನ್ನೂ "ಇದು ಯಾಕೆ ಹೀಗಿದೆ" ಎಂದು ಕೇಳಿದರೆ ನಿನ್ನ ಬಾಯಿಂದಲೇ ಉತ್ತರ ಬರಬೇಕು. ಬರದಿದ್ದರೆ ಕಳಿಸಬೇಡ. ಯೋಜನೆಯವರು ಎಐ ಬೇಡ ಅಂದಿದ್ದರೆ ಬೇಡ, ಅದು ಅವರ ಗದ್ದೆ.

ನಿಮ್ಮ ನಾಲ್ವರಲ್ಲಿ ಒಬ್ಬಳಿಗೆ ಕೋಡಿಂಗ್ ಆಗಿಬರುವುದಿಲ್ಲ ಎಂದು ಹಿಂದೆ ಹೇಳಿದ್ದೆ. ಅವಳನ್ನು ಬಿಟ್ಟು ಹೋಗಬೇಡಿ. "ಅಲರ್" ಕನ್ನಡ–ಇಂಗ್ಲಿಷ್ ನಿಘಂಟು ನಿನ್ನ ಫೋನಿನಲ್ಲಿ ನೋಡಿದ್ದೇನೆ. ವಿ. ಕೃಷ್ಣ ಎಂಬವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ್ದು, ಒಂದೂವರೆ ಲಕ್ಷದಷ್ಟು ಪದ. 2019ರಲ್ಲಿ ಅದನ್ನು ಇಂಟರ್ನೆಟ್ಟಿಗೆ ತಂದು, ದತ್ತಾಂಶವನ್ನೂ ಮುಕ್ತ ಲೈಸೆನ್ಸ್‌ನಲ್ಲಿ ಬಿಟ್ಟರು. ಆ ದುಡಿಮೆಯಲ್ಲಿ ಕೋಡ್ ಎಷ್ಟು, ಪದದ ಮೇಲಿನ ಪ್ರೀತಿ ಎಷ್ಟು ನೀನೇ ಲೆಕ್ಕ ಹಾಕು. ಬಳಸುವ ವಿಧಾನವನ್ನು ತಿಳಿಯುವ ಭಾಷೆಯಲ್ಲಿ ಬರೆಯುವವರು, ಬೇಕೆಂದೇ ತಪ್ಪು ಗುಂಡಿ ಒತ್ತಿ ಪರೀಕ್ಷೆ ಮಾಡುವವರು, ಅನುವಾದ ಮಾಡುವವರು ಎಲ್ಲ ಯೋಜನೆಗೂ ಬೇಕು, ಮತ್ತು ಎಲ್ಲ ಯೋಜನೆಯಲ್ಲೂ ಕಡಿಮೆ. 2018ರ ಆಗಸ್ಟ್‌ನ ಪ್ರವಾಹದಲ್ಲಿ ಕೇರಳದ ಹುಡುಗರು ಕೇರಳರೆಸ್ಕ್ಯೂ ಎಂಬ ತಾಣವನ್ನು ಓಪನ್ ಸೋರ್ಸ್ ಆಗಿಯೇ ಕಟ್ಟಿದಾಗ, ನೂರಾರು ಜನ ಎಲ್ಲೆಲ್ಲಿಂದಲೋ ಕೈ ಜೋಡಿಸಿದ್ದರು. ಬರೆದ ಕೋಡಿನಷ್ಟೇ ಕೆಲಸ, ಬಂದ ಮೊರೆಗಳನ್ನು ಒಂದೊಂದಾಗಿ ಫೋನ್ ಮಾಡಿ ಖಚಿತ ಮಾಡಿಕೊಳ್ಳುವುದರಲ್ಲೂ ಇತ್ತು.

ಇಷ್ಟೆಲ್ಲ ಹೇಳಿದ ಮೇಲೆ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಸೋಮವಾರ. ಭಾನುವಾರ ಸಂಜೆ ಡೆಮೊ ಆಗುತ್ತದೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಬಸ್ ಹತ್ತುತ್ತಾರೆ, ಆ ಕೋಡನ್ನು ಮತ್ತೆ ಯಾರೂ ತೆರೆಯುವುದಿಲ್ಲ. ಹತ್ತರಲ್ಲಿ ಒಂಬತ್ತು ತಂಡದ ಕಥೆ ಇದು ಎಂದು ನನ್ನ ಅಂದಾಜು. ನೀನು ಸೋಮವಾರವೋ, ಇಂಟರ್ನಲ್ಸ್ ಮುಗಿದ ಮೇಲಿನ ಸೋಮವಾರವೋ, ಅರ್ಧ ಗಂಟೆ ಕೂತು ಆ ಯೋಜನೆಯನ್ನು ಮತ್ತೆ ತೆರೆದರೆ, ಆಗ ಅಲ್ಲಿಯವರು ನಿನ್ನ ಹೆಸರನ್ನು ನೆನಪಿಟ್ಟುಕೊಳ್ಳಲು ಶುರುಮಾಡುತ್ತಾರೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಜಗತ್ತಿನ ಭಾರ ಹೊತ್ತ ಎಷ್ಟೋ ಕೋಡಿನ ಹಿಂದೆ ಒಬ್ಬಿಬ್ಬರೇ ಇರುತ್ತಾರೆ. ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಸಾಫ್ಟ್‌ವೇರನ್ನು ವರ್ಷಗಟ್ಟಲೆ ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ದಣಿದಿದ್ದರು. ಸಹಾಯಕ್ಕೆಂದು ಬಂದ ಒಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಒಳಗೆ ಕಳ್ಳಬಾಗಿಲು ಇಟ್ಟ. ಅದರ ಗುರಿ ಓಪನ್‌ಎಸ್‌ಎಸ್‌ಎಚ್, ನೆನಪಿಟ್ಟುಕೋ ಅಂದೆನಲ್ಲ, ಅದೇ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಎಂದಿಗಿಂತ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಪಟ್ಟು ಬಗೆದಾಗ ಅದು ಹೊರಬಿತ್ತು. ಕೋಡ್ ತೆರೆದಿದ್ದರಿಂದ ಬಗೆಯಲು ಆಯಿತು. ದಣಿದವನ ಪಕ್ಕದಲ್ಲಿ ಮೊದಲೇ ನಾಲ್ಕು ಜನ ಪ್ರಾಮಾಣಿಕರು ಕೂತಿದ್ದರೆ ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ ಎಂದು ನಾನು ನಂಬಿದ್ದೇನೆ.

ಇನ್ನು ಮನೆಯವಳ ಮಾತು. ರಾತ್ರಿಯಿಡೀ ಎದ್ದಿರುವುದು ಶೌರ್ಯ ಅಂದುಕೊಳ್ಳಬೇಡ. ಬೆಳಗಿನ ಮೂರು ಗಂಟೆಗೆ ಬರೆದ ಕೋಡನ್ನು ಒಂಬತ್ತು ಗಂಟೆಗೆ ಅಳಿಸಿದ್ದೇ ನನ್ನ ಅನುಭವ. ಎನರ್ಜಿ ಡ್ರಿಂಕ್ ಡಬ್ಬಿ ಮುಟ್ಟಬೇಡ, ಮಜ್ಜಿಗೆ ಕುಡಿ. ಶನಿವಾರ ರಾತ್ರಿ ಎಷ್ಟೇ ಹೊತ್ತಾದರೂ ಫೋನ್ ಮಾಡು, ನಾನೂ ನಿಮ್ಮ ದೊಡ್ಡಪ್ಪನೂ ಕಾರು ತರುತ್ತೇವೆ; ನಾಲ್ವರಿಗೂ ನಮ್ಮ ಮಹಡಿಯ ಮೇಲೆ ಹಾಸಿಗೆ ಇದೆ. ಇಂಟರ್ನಲ್ಸ್ ನೋಟ್ಸ್ ತಂದುಕೋ, ಬಸ್ಸಿನಲ್ಲಿ ಓದಬಹುದು. ಅಲ್ಲಿ ಪ್ಲಗ್ ಪಾಯಿಂಟ್ ಯಾವತ್ತೂ ಸಾಲುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಕೊಳ್ಳಲು ಹೋಗಬೇಡ, ಆರು ಪಿನ್ನಿನದ್ದು ನನ್ನ ಹತ್ತಿರ ಇದೆ, ಶುಕ್ರವಾರ ಸಂಜೆಯೇ ಬಂದು ತೆಗೆದುಕೋ.

ನಿನ್ನ ದೊಡ್ಡಮ್ಮ